ಹೊನ್ನಯ್ಯನವರು ತಂದ ಮೊದಲನೆಯ ಮಣೆ

ನಮ್ಮ ಊರಿನಲ್ಲಿ ಉಡುಗೊರೆಯನ್ನು ಸ್ವೀಕರಿಸುವುದು ಹೇಗೆಂದು ಮಕ್ಕಳಿಗೆ ಅಕ್ಷರಕ್ಕಿಂತ ಮೊದಲೇ ಕಲಿಸುತ್ತಾರೆ. ಎರಡೂ ಕೈಗಳನ್ನು ಚಾಚಬೇಕು, ಕಣ್ಣು ಅರಳಬೇಕು, ಉಸಿರು ಒಂದು ಗಳಿಗೆ ನಿಲ್ಲಬೇಕು; ಕೊಟ್ಟವರು ಅದೇ ವಸ್ತುವನ್ನು ನಿನ್ನೆಯೂ ಕೊಟ್ಟಿದ್ದರು ಎಂಬುದು ಮುಖದ ಯಾವ ಗೆರೆಯಲ್ಲಿಯೂ ಕಾಣಬಾರದು. ಇದನ್ನು ನಾವು ಮೊದಲ ಸಲದ ಮುಖ ಎನ್ನುತ್ತೇವೆ. ಹೊರಗಿನಿಂದ ಬಂದು ನೆಲೆಸಿದವರಿಗೆ ಇದು ಬೇಗ ಹತ್ತುವುದಿಲ್ಲ. ಬಸ್ ನಿಲ್ದಾಣದಲ್ಲಿ ಮೊರಮ್ಮ ದಿನವೂ ಸೀಬೆಹಣ್ಣು ಹಂಚುತ್ತಾಳೆ. ಬ್ಯಾಂಕಿಗೆ ವರ್ಗವಾಗಿ ಬಂದ ಮಹನೀಯರೊಬ್ಬರು, "ಆಗಲೇ ಕೊಟ್ರಲ್ಲಮ್ಮ" ಎನ್ನಲು ಬಾಯಿ ತೆರೆದಾಗ ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದಲೇ ಅವರ ಬಾಯಿ ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೊರಮ್ಮ ಎದ್ದವಳು. ತಲೆಮಾರುಗಳ ಕೈಯಲ್ಲಿ ಆಡಿ, ಮನುಷ್ಯರ ರಕ್ತದ ಒಂದು ಹನಿಯನ್ನಾದರೂ ಹೀರಿಕೊಂಡ ವಸ್ತುವನ್ನು ಕೈಗಳು ಬಿಟ್ಟು ಬಹುಕಾಲವಾದರೆ, ನಮ್ಮಲ್ಲಿ ಅದು ಒಂದು ದಿನ ಮನುಷ್ಯರೂಪದಲ್ಲಿ ಎದ್ದು ನಿಲ್ಲುತ್ತದೆ. ತಮಗೆ ಯಾರು ಏನು ಮಾಡಿದರು, ಏನು ಹೇಳಿದರು ಎಂಬುದನ್ನು ಎದ್ದವರು ಎಂದಿಗೂ ಮರೆಯುವುದಿಲ್ಲ. ತಾವು ಕೊಟ್ಟದ್ದು ಮಾತ್ರ, ಅದು ಹಣ್ಣಾಗಲಿ ಪೆಟ್ಟಾಗಲಿ, ಮರುದಿನ ಅವರ ನೆನಪಿನಲ್ಲಿರುವುದಿಲ್ಲ. ಅವರು ಎದ್ದು ಬಂದ ಜಾಗವನ್ನು ಖಾಲಿ ಬಿಡಬೇಕು; ಅಲ್ಲಿ ಮತ್ತೇನಾದರೂ ಇಟ್ಟರೆ ಅವರು ಮತ್ತೆ ವಸ್ತುವಾಗುತ್ತಾರೆ. ಹಾಗಾಗಿ ನಮ್ಮ ಹಲವು ಮನೆಗಳಲ್ಲಿ, ಹೊಸ ಅಪಾರ್ಟ್‌ಮೆಂಟುಗಳಲ್ಲಿ ಕೂಡ, ಗುಡಿಸಿ ಬರಿದಾಗಿ ಬಿಟ್ಟ ಒಂದು ಮೂಲೆ ಇರುತ್ತದೆ. "ಇದನ್ನು ನೀವು ಮೊದಲೇ ಕೊಟ್ಟಿದ್ದೀರಿ" ಎಂದು ಹೇಳಿದರೆ ಎದ್ದವರು ನಾಚಿಕೆಯಿಂದ ಮುರಿದುಹೋಗುತ್ತಾರೆಂದು ಹಿರಿಯರು ಎಚ್ಚರಿಸುತ್ತಿದ್ದರು. ಯಾವುದೋ ಮನೆಯ ಕಡಗೋಲು ಹಾಗೆಯೇ ಎರಡು ಹೋಳಾಯಿತಂತೆ. ಯಾರ ಮನೆ, ಯಾವ ಕಾಲ ಎಂದು ಕೇಳಿದರೆ ಹೇಳುವವರಿರಲಿಲ್ಲ, ನಂಬದವರೂ ಇರಲಿಲ್ಲ.

ನಮ್ಮದು ಪುಡಿಗಳ ಮನೆ. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ ಎಲ್ಲವೂ ನನ್ನ ಅಜ್ಜಿಯ ಕಾಲದಿಂದ ನಮ್ಮ ಒರಳಿನಿಂದಲೇ ಊರಿನ ಅಡುಗೆಮನೆಗಳಿಗೆ ಹೋಗುತ್ತಿದ್ದವು. ಆ ಒರಳಿಗೆ ಹೊನ್ನೆಮರದ ಒಂದು ಒನಕೆಯಿತ್ತು. ಅಜ್ಜಿ ಹಿಡಿದು, ಅಮ್ಮ ಹಿಡಿದು, ಅನಂತರ ನಾನು ಹಿಡಿದು ಅದರ ನಡು ಸವೆದು ನುಣುಪಾಗಿತ್ತು. ಚಿಕ್ಕವಳಿದ್ದಾಗ ಅದರ ಸಿಬಿರು ಚುಚ್ಚಿ ನನ್ನ ಬಲ ಅಂಗೈಯ ರಕ್ತ ಮರಕ್ಕೆ ಇಳಿದದ್ದೂ ಉಂಟು. ನನ್ನ ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿ ಸೌಗಂಧಿ ಅಂಗಡಿಯ ಕೆಲಸಕ್ಕೆ ನನ್ನೊಡನೆ ನಿಂತಳು. ಅವಳೇ ಹಟಹಿಡಿದು ಕರೆಂಟಿನ ಪುಡಿಯಂತ್ರವನ್ನು ತರಿಸಿದಳು. ಒನಕೆಯು ಕುಟ್ಟುವ ಕೋಣೆಯ ಮೂಲೆ ಸೇರಿತು. ಕೆಲವು ವರ್ಷಗಳು ಕಳೆದವು. ನನಗೆ ಐವತ್ತು ದಾಟಿತು. ಮದುವೆಯೆಂಬ ಮಾತನ್ನು ನನ್ನ ಎದುರಿಗೆ ಆಡುವ ಧೈರ್ಯ ಊರಿನಲ್ಲಿ ಯಾರಿಗೂ ಉಳಿದಿರಲಿಲ್ಲ. ಉಳಿಯದಂತೆ ನಾನೇ ನೋಡಿಕೊಂಡಿದ್ದೆ.

ಒಂದು ಮಧ್ಯಾಹ್ನ ನಾನು ಮೆಣಸಿನಕಾಯಿ ಹುರಿಯುತ್ತಿದ್ದೆ. ಕುಟ್ಟುವ ಕೋಣೆಯ ಬಾಗಿಲಿನ ಸಂದಿಯಲ್ಲಿ ಸ್ಟವ್ವಿನ ಉರಿಯಂತಹ ನೀಲಿ ಬೆಳಕು ಒಮ್ಮೆ ಮಿಂಚಿ ಆರಿತು. ಒಳಗೆ ಹೋದ ಸೌಗಂಧಿ ಸೀನುತ್ತಾ ಹೊರಗೆ ಓಡಿ ಬಂದಳು.

"ಅಕ್ಕಾ, ನಿಮ್ಮ ಒನಕೆ ಎದ್ದಿದೆ. ಒಂದು ಪಂಚೆ ಕೊಡಿ ಬೇಗ, ತಮಾಷೆ ಮಾಡ್ತಿಲ್ಲ."

ತಮ್ಮನ ಪಂಚೆಯುಟ್ಟು ಹೊರಗೆ ಬಂದವರು ಎತ್ತರದ ಆಳು. ನಡು ಸಣ್ಣ, ಹೆಜ್ಜೆ ಭಾರ. ಒನಕೆಯ ತುದಿಗೆ ಕಬ್ಬಿಣದ ಕಟ್ಟು ಇತ್ತಲ್ಲ, ಅವರ ಹಿಮ್ಮಡಿಗಳೂ ಹಾಗೆಯೇ ಕಪ್ಪಗಿದ್ದವು. ಅವರು ನನ್ನ ಮುಖವನ್ನು ನೋಡಲಿಲ್ಲ, ಬಲಗೈಯನ್ನು ನೋಡಿದರು.

"ಈ ಕೈ ನನಗೆ ಗೊತ್ತು. ಧನಿಯಾ ಕುಟ್ಟೋವಾಗ ಸಡಿಲವಾಗಿ ಹಿಡೀತಿತ್ತು. ಮೆಣಸಿನಕಾಯಿ ಅಂದ್ರೆ ಸಿಟ್ಟು. ಒಂದು ವರ್ಷ ಪೂರ್ತಿ ನಡುಗ್ತಾನೇ ಇತ್ತು."

ಅದು ಅಮ್ಮ ತೀರಿಕೊಂಡ ವರ್ಷ. ಆ ನಡುಕವನ್ನು ನಾನು ಯಾರಿಗೂ ಕಾಣಗೊಟ್ಟಿರಲಿಲ್ಲ.

"ಕೈ ನೋಡಿ ಮುಂದಿಂದು ಹೇಳೋರನ್ನ ಕಂಡಿದ್ದೆ," ಎಂದಳು ಸೌಗಂಧಿ. "ಹಿಂದಿಂದು ಹೇಳೋರು ಇವರೇ ಮೊದಲು."

ಎದ್ದವರನ್ನು ಅವರ ಮರದ ಹೆಸರಿನಿಂದಲೋ ಕಸುಬಿನ ಹೆಸರಿನಿಂದಲೋ ಕರೆಯುವುದು ವಾಡಿಕೆ. ನಾವು ಅವರನ್ನು ಹೊನ್ನಯ್ಯನವರು ಎಂದು ಕರೆದೆವು. ಬೀದಿಯ ಕೊನೆಯ ಬಡಗಿ ಅಂಗಡಿಯಲ್ಲಿ ಅವರಿಗೆ ಕೆಲಸ ಸಿಕ್ಕಿತು; ಅದರ ಹಿಂದಿನ ಕೋಣೆಯಲ್ಲಿಯೇ ವಾಸ. ಮರದ ಮಾತು ಮರಕ್ಕೆ ತಿಳಿಯುತ್ತದೆಯೋ ಏನೋ, ಉಳಿ ಹಿಡಿದ ಕೆಲವೇ ವಾರಗಳಲ್ಲಿ ಅವರು ಮಾಡಿದ ಬಾಗಿಲುಗಳು ಸದ್ದಿಲ್ಲದೆ ಮುಚ್ಚಿಕೊಳ್ಳತೊಡಗಿದವು. ಎದ್ದವರೆಲ್ಲರಂತೆ ಅವರಿಗೂ ಎರಡು ಚಪಲಗಳಿದ್ದವು, ರಾಗಿಯ ಹಾಲುಬಾಯಿ ಮತ್ತು ಕುಸ್ತಿ. ಹಾಲುಬಾಯಿಗೆ ಸಂಜೆ ನಮ್ಮ ಮನೆಗೆ ಬರುತ್ತಿದ್ದರು. ಕುಸ್ತಿಗೆ ಸಿಕ್ಕಿಬಿದ್ದವನು ಆಟೋ ಓಡಿಸುವ ದಸ್ತಗೀರ್.

"ಬನ್ನಿ ದಸ್ತಗೀರಣ್ಣ, ನಾವಿಬ್ಬರೂ ಇನ್ನೂ ಒಂದು ಪಟ್ಟು ಹಿಡಿದೇ ಇಲ್ಲವಲ್ಲ!"

"ಇಲ್ಲ ಸ್ವಾಮಿ, ಇವತ್ತೇ ಮೊದಲು," ಎಂದು ದಸ್ತಗೀರ್ ಹಿಂದಿನ ದಿನದ ಸೊಂಟವನ್ನು ನೀವಿಕೊಳ್ಳುತ್ತಲೇ ಆಟೋದಿಂದ ಇಳಿಯುತ್ತಿದ್ದ. ಬಿದ್ದ ಮೇಲೆ ಮಣ್ಣು ಕೊಡವಿಕೊಂಡು ನಮ್ಮ ಅಂಗಡಿಗೆ ಬಂದು, "ಅಕ್ಕಾವ್ರೇ, ಸೊಂಟಕ್ಕೇನಾದ್ರೂ ಪುಡಿ ಇದ್ರೆ ಕೊಡಿ. ದಿನಾ ಹೊಸದಾಗಿ ಬೀಳೋದು ಅಂದ್ರೆ ಹುಡುಗಾಟ ಅಲ್ಲ," ಎನ್ನುತ್ತಿದ್ದ.

ಸಂಜೆಗಳಲ್ಲಿ ಹೊನ್ನಯ್ಯನವರು ಜಗಲಿಯ ಕಂಬಕ್ಕೆ ಒರಗಿ ನಿಂತುಕೊಂಡೇ ಹಾಲುಬಾಯಿ ತಿನ್ನುತ್ತಿದ್ದರು. ಕೂತುಕೊಳ್ಳಿ ಎಂದರೆ, "ನಿಂತು ಅಭ್ಯಾಸ, ಕೂರೋದು ಹೇಗೋ ಗೊತ್ತಿಲ್ಲ," ಎಂದು ನಗುವರು. ನಾನು ಅಂಗಡಿಯ ಮಾತು ಆಡುತ್ತಿದ್ದೆ. ಅವರು ನನ್ನ ಕೈಯ ಮಾತು ಆಡುತ್ತಿದ್ದರು. ಯಾವ ದೀಪಾವಳಿಯಲ್ಲಿ ಬಳೆಗಳು ಹೆಚ್ಚಾಗಿದ್ದವು, ಯಾವ ಬೇಸಿಗೆಯಲ್ಲಿ ಅಂಗೈ ಬೊಬ್ಬೆಯೆದ್ದಿತ್ತು ಎಂಬುದೆಲ್ಲ ಅವರಿಗೆ ನೆನಪಿತ್ತು. ಒಮ್ಮೆ ತಮ್ಮ ಪಕ್ಕೆಯ ಕೆಳಗೆ ಕೈಯಿಟ್ಟುಕೊಂಡು, "ಇಲ್ಲಿ ಹಿಡೀತಿದ್ರಿ," ಎಂದರು. ಅಷ್ಟು ವಯಸ್ಸಾದ ನಾನು ಹಾಲುಬಾಯಿಯ ತಟ್ಟೆಯನ್ನು ತೊಳೆಯುವ ನೆಪ ಮಾಡಿ ಒಳಗೆ ಹೋಗಬೇಕಾಯಿತು. ತಟ್ಟೆ ಇನ್ನೂ ಅವರ ಕೈಯಲ್ಲೇ ಇತ್ತು.

ನಮ್ಮ ಊರಿನ ಮದುವೆ ಸರಳವಾದದ್ದು. ಗಂಡು ಎರಡು ಹೊಸ ಹಸೆಮಣೆಗಳನ್ನು ತರಬೇಕು. ನಾಲ್ಕು ಜನರ ಎದುರಿಗೆ ಇಬ್ಬರೂ ಅವುಗಳ ಮೇಲೆ ಅಕ್ಕಪಕ್ಕ ಕೂರಬೇಕು. ಅಷ್ಟಾದರೆ ಮದುವೆ ಆಯಿತು. ಕಾರ್ತಿಕದ ಒಂದು ಸಂಜೆ ಹೊನ್ನಯ್ಯನವರು ಬಾಗಿಲಿನಲ್ಲಿ ನಿಂತರು. ಕೈಯಲ್ಲಿ ಹಲಸಿನ ಮರದ ಒಂದು ಮಣೆ, ಅಂಚಿನ ಸುತ್ತ ಕೊತ್ತಂಬರಿ ಸೊಪ್ಪಿನ ಕೆತ್ತನೆ. ನಾನು ಕೊತ್ತಂಬರಿ ಬೀಜ ಕುಟ್ಟುತ್ತಿದ್ದ ನೆನಪಿಗಂತೆ.

"ಅಂಬುಜಾಕ್ಷಿಯವರೇ, ಇದು ಮೊದಲನೇದು. ಎರಡನೇದು ನಾಳೆ ತರ್ತೀನಿ. ಎರಡೂ ಸೇರಿದ ಮೇಲೆ ನನ್ನ ಪಕ್ಕದಲ್ಲಿ ಕೂರ್ತೀರಾ?"

ನನ್ನ ಪೂರ್ತಿ ಹೆಸರನ್ನು ಊರಿನಲ್ಲಿ ಅವರೊಬ್ಬರೇ ಕರೆಯುತ್ತಿದ್ದರು. ನಾನು "ಹೂಂ" ಎಂದೆ.

ಮರುದಿನ ಸಂಜೆ ಅವರು ಮತ್ತೊಂದು ಮಣೆಯೊಡನೆ ಬಂದರು. ನಾನು ಬಾಗಿಲಿನಲ್ಲಿ ಕಾದು ನಿಂತಿದ್ದೆ. ಸೌಗಂಧಿ ಹೂವಿಗೆ ಹೇಳಿ ಬಂದಿದ್ದಳು.

"ಅಂಬುಜಾಕ್ಷಿಯವರೇ, ಇದು ಮೊದಲನೇದು," ಎಂದರು ಹೊನ್ನಯ್ಯನವರು. "ಎರಡನೇದು ನಾಳೆ ತರ್ತೀನಿ."

ನಾನು ಎರಡೂ ಕೈ ಚಾಚಿದೆ. ಕಣ್ಣು ಅರಳಿತು, ಉಸಿರು ನಿಂತಿತು. ಊರಿನಲ್ಲಿ ನನ್ನಷ್ಟು ಚೆನ್ನಾಗಿ ಮೊದಲ ಸಲದ ಮುಖವನ್ನು ತೊಡುವವರು ಬೇರೆ ಇರಲಿಲ್ಲ. ತಾಯಂದಿರು ಮಕ್ಕಳನ್ನು ಕರೆತಂದು ನನ್ನನ್ನು ತೋರಿಸಿ ಕಲಿಸುತ್ತಿದ್ದ ಕಾಲವೊಂದಿತ್ತು. ಆ ಸಂಜೆಯೂ ನನ್ನ ಮುಖದಲ್ಲಿ ಒಂದು ಗೆರೆಯೂ ತಪ್ಪಲಿಲ್ಲ. ಹೂಂ ಎಂದೆ. ಅವರು ಹಾಲುಬಾಯಿ ತಿಂದು ಹೋದರು.

ಅದರ ಮರುದಿನವೂ ಹಾಗೆಯೇ ಆಯಿತು. ಆಮೇಲೆ ಅದೇ ನಮ್ಮ ಸಂಜೆಗಳ ರೀತಿಯಾಯಿತು. ಒಂದು ದಿನ ಅವರು ಕಂಬಕ್ಕೆ ಒರಗಿ ನಿಂತು, "ನೀವು ನಿನ್ನೆ ಹೂಂ ಅಂದ್ರಿ. ಮೊನ್ನೆಯೂ ಅಂದ್ರಿ. ಕೇಳೋಕೆ ಎಷ್ಟು ಚೆನ್ನಾಗಿತ್ತು," ಎಂದರು. ಮತ್ತೆ, "ಅದ್ಯಾಕೆ ಅಂದ್ರಿ?" ಎಂದು ಕೇಳಿದರು.

ಅಂದು ನಾನು ಉತ್ತರಿಸಬಹುದಾಗಿತ್ತು. ಬಾಯಿಗೆ ಬಂದ ಮಾತನ್ನು ನುಂಗಿ, "ಸುಮ್ಮನೆ ಅಂದೆ," ಎಂದೆ.

ಉಪಾಯ ಹುಡುಕದೆ ಇರಲಿಲ್ಲ. ಒಂದು ಸಂಜೆ ಹಿಂದಿನ ದಿನದ ಮಣೆಯನ್ನು ನಡುಮನೆಯಲ್ಲಿ ಹಾಕಿ, ಅವರು ತಂದದ್ದನ್ನು ಅದರ ಪಕ್ಕದಲ್ಲಿಟ್ಟು, "ನೋಡಿ, ಜೋಡಿಯಾಯಿತು," ಎಂದೆ. ಅವರು ಬಾಗಿ ಕೊತ್ತಂಬರಿಯ ಕೆತ್ತನೆಯನ್ನು ಬೆರಳಿನಿಂದ ಮುಟ್ಟಿದರು. ಮುಖ ಬಾಡಿತು.

"ನನಗಿಂತ ಮುಂಚೆ ಯಾರೋ ತಂದುಕೊಟ್ಟಿದ್ದಾರೆ. ಕೆಲಸ ಚೆನ್ನಾಗಿದೆ. ಅವರು ಒಳ್ಳೆಯವರಿರಬೇಕು."

ಹಾಲುಬಾಯಿಯನ್ನೂ ತಿನ್ನದೆ ಹೊರಟುಹೋದರು. ಅವು ಅವರದೇ ಕೈಯ ಕೆಲಸವೆಂದು ಕೂಗಿ ಹೇಳಲು ನಾನು ಬೀದಿಯವರೆಗೆ ಹೋದೆ. ಕಡಗೋಲಿನ ಕಥೆ ನೆನಪಾಗಿ ಹಿಂದಿರುಗಿದೆ. ಪುಣ್ಯಕ್ಕೆ ಮರುದಿನ ಅವರು ಬಂದರು, ಮೊದಲನೆಯ ಮಣೆಯೊಡನೆ. ಅಂದಿನಿಂದ ಬಂದ ಮಣೆಗಳನ್ನೆಲ್ಲ ಅವರ ಕಣ್ಣಿಗೆ ಬೀಳದಂತೆ ಒಳಗೆ ಸಾಗಿಸಿದೆ. ಮಂಚದ ಕೆಳಗೆ, ಅಟ್ಟದ ಮೇಲೆ, ಡಬ್ಬಗಳ ಹಿಂದೆ, ಕೊನೆಗೆ ಕುಟ್ಟುವ ಕೋಣೆಯ ಗೋಡೆಗಳ ಉದ್ದಕ್ಕೂ ಸೂರಿನವರೆಗೆ ಪೇರಿಸಿ ಹಳೆಯ ಸೀರೆಗಳನ್ನು ಹೊದಿಸಿದೆವು. ಒಂದು ಮೂಲೆಯನ್ನು ಬಿಟ್ಟು.

"ಅಕ್ಕಾ, ಮಲಗೋಕೆ ಜಾಗ ಇಲ್ಲ," ಎಂದಳು ಸೌಗಂಧಿ. "ಊರಲ್ಲಿ ಎಷ್ಟು ಮದುವೆ ನಡೆಯುತ್ತೆ, ನಾಲ್ಕು ಜನಕ್ಕೆ ಕೊಟ್ಟುಬಿಡಿ."

"ಅವರು ನನಗೆ ತಂದದ್ದು."

"ಹಾಗಾದ್ರೆ ಅವರಿಗೇ ಹೇಳಿಬಿಡಿ, ಸಾಕು ಅಂತ."

"ಮುರಿದುಹೋದರೆ?"

"ಹೀಗೇ ಇದ್ರೆ ಮುಂಚೆ ನಮ್ಮ ಅಟ್ಟ ಮುರಿಯುತ್ತೆ." ಅವಳು ದನಿ ತಗ್ಗಿಸಿದಳು. "ನಿಮಗೆ ಮದುವೆ ಬೇಕೋ, ದಿನಾ ಅವರು ಬಂದು ಕೇಳೋದು ಬೇಕೋ? ಅದನ್ನ ಮೊದಲು ಗೊತ್ತುಮಾಡಿಕೊಳ್ಳಿ."

ನಾನು ಅವಳ ಮೇಲೆ ರೇಗಿದೆ. ಬೇರೆ ಹೆಂಗಸರನ್ನು ಜನ್ಮದಲ್ಲಿ ಒಮ್ಮೆ ಕೇಳುತ್ತಾರೆ. ಆಮೇಲೆ ಯಾರೂ ಕೇಳುವುದಿಲ್ಲ. ನನ್ನನ್ನು ಒಬ್ಬರು ಪ್ರತಿ ಸಂಜೆ, ಪ್ರತಿ ಸಲವೂ ನಡುಗುವ ದನಿಯಲ್ಲಿ ಕೇಳುತ್ತಿದ್ದರು. ನನ್ನ ಮುಖ ಅರಳುತ್ತಿದ್ದುದು ನಟನೆಯೆಂದು ಊರವರು ತಿಳಿದಿದ್ದರು. ಅದು ನಟನೆಯಾಗಿರಲಿಲ್ಲ.

ಮಾಘಮಾಸದ ಒಂದು ಬೆಳಿಗ್ಗೆ ಪೇಟೆಯ ಆಚೆಗಿನ ಮದುವೆಮನೆಗೆ ಪುಡಿಗಳನ್ನು ತಲುಪಿಸಲು ಸೌಗಂಧಿಯೂ ನಾನೂ ದಸ್ತಗೀರನ ಆಟೋದಲ್ಲಿ ಹೋದೆವು. ಅಲ್ಲಿ ಊಟಕ್ಕೆ ನಿಲ್ಲಿಸಿಕೊಂಡರು. ಹಿಂದಿರುಗಿದಾಗ ಬಿಸಿಲು ಇಳಿಯುತ್ತಿತ್ತು. ಮನೆಯ ಬಾಗಿಲು ತೆರೆದಿತ್ತು, ನಮ್ಮ ಬೀದಿಯಲ್ಲಿ ಹಗಲು ಯಾರೂ ಬೀಗ ಹಾಕುವುದಿಲ್ಲ. ಜಗಲಿಯಲ್ಲಿ ಅವರ ಚಪ್ಪಲಿಗಳಿದ್ದವು. ನಾನು ಕೂಗುತ್ತಾ ಒಳಗೆ ಹೋದೆ.

ಕುಟ್ಟುವ ಕೋಣೆಯ ಮೂಲೆಯಲ್ಲಿ ಒಂದು ಹೊಸ ಮಣೆಯಿತ್ತು. ಬಾಗಿಲಿನಲ್ಲಿಟ್ಟರೆ ಬಂದವರು ಎಡವಿಯಾರೆಂದು ಅದನ್ನು ಒಳಗೆ ತಂದಿರಬೇಕು. ನಡುಮನೆಯಲ್ಲಿ ಮೆಣಸಿನಕಾಯಿ ಹರಡಿದ್ದೆವು. ಗೋಡೆಗಳಿಗೆಲ್ಲ ಸೀರೆ ಹೊದಿಸಿದ ಪೇರುಗಳಿದ್ದವು. ಇಡೀ ಮನೆಯಲ್ಲಿ ಒಂದು ಮಣೆ ಹಿಡಿಯುವಷ್ಟು ಬರಿದಾದ ಜಾಗ ಅದೊಂದೇ ಆಗಿತ್ತು. ಎದ್ದ ದಿನ ಆ ಮೂಲೆಯನ್ನು ಬಿಟ್ಟುಕೊಟ್ಟವರು ಅವರೇ. ತಾವು ಕೊಟ್ಟದ್ದು ಅವರಿಗೆ ನೆನಪಿರುವುದಿಲ್ಲ. ಮಣೆಯ ಪಕ್ಕದಲ್ಲಿ ತಮ್ಮನ ಪಂಚೆ ಕುಸಿದು ಬಿದ್ದಿತ್ತು. ಅದರೊಳಗೆ ಒನಕೆ.

ನಾನು ಮಣೆಯನ್ನು ಎತ್ತಿ ಹೊರಗೆ ಎಸೆದೆ. ಆ ಹಿಂದೆ ಹಾಗೆ ಎಸೆದವರು ಎಷ್ಟೋ ಮಂದಿ. ಅದರಿಂದ ಏನೂ ಆಗುವುದಿಲ್ಲವೆಂದು ನನಗೆ ತಿಳಿದಿತ್ತು. ಸೌಗಂಧಿ ಗೋಡೆಯ ಪೇರುಗಳಿಂದ ಸೀರೆಗಳನ್ನು ಒಂದೊಂದಾಗಿ ಎಳೆದುಹಾಕಿ, ಅವುಗಳ ನಡುವೆ ಕೂತು ಅತ್ತಳು. ನಾನು ಅಳಲಿಲ್ಲ. ಬಲಗೈಯಿಂದ ಒನಕೆಯ ನಡುವನ್ನು ಹಿಡಿದೆ. ಕೈಗೆ ಸರಿಯಾಗಿ ಕೂತಿತು.

ಹದಿನೈದು ದಿನಗಳಾದ ಮೇಲೆ ದಸ್ತಗೀರ್ ಬಂದ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ಬಾಗಿಲಿನಲ್ಲಿ ನಿಂತ.

"ಅಕ್ಕಾವ್ರೇ, ಒಂದು ಮಾತು ಹೇಳಬೇಕು. ಹೇಳಿದ್ರೆ ಬೈತೀರಿ, ಹೇಳದಿದ್ರೆ ನನಗೆ ನಿದ್ದೆ ಬರ್ತಿಲ್ಲ. ನಾನು ಒಂದು ಸಲ ಅವರಿಗೆ ಹೇಳಿಬಿಟ್ಟಿದ್ದೆ."

"ಏನು ಹೇಳಿದ್ದೆ?"

"ಸೊಂಟ ನೋವು ತಡೀಲಾರದೆ ಬಾಯಿ ಜಾರಿತು. ಸ್ವಾಮಿ, ನಿನ್ನೆನೂ ನೀವೇ ಗೆದ್ದಿದ್ದು, ಮೊನ್ನೆನೂ ನೀವೇ ಗೆದ್ದಿದ್ದು, ಇವತ್ತೊಂದು ದಿನ ಬಿಟ್ಟುಬಿಡಿ ಅಂದೆ."

"ಅವರು ಏನೆಂದರು?"

"ನಕ್ಕುಬಿಟ್ರು. ಹೌದಾ, ಹಾಗಾದ್ರೆ ಇವತ್ತು ನೀವು ಗೆಲ್ಲಿ ಅಂತ ತಾವೇ ದೊಪ್ಪಂತ ಬಿದ್ಕೊಂಡ್ರು. ಮಾರನೇ ದಿನ ಆಟೋ ಹತ್ರ ಬಂದವರು ಕುಸ್ತಿ ಕೇಳಲೇ ಇಲ್ಲ. ದಸ್ತಗೀರಣ್ಣ, ನಾನು ದಿನಾ ಗೆಲ್ತೀನಿ ಅಂತ ನೀವು ಹೇಳಿದ್ರಲ್ಲ, ನಿಮ್ಮ ಸೊಂಟ ಹೇಗಿದೆ ಅಂದ್ರು. ನೆನಪಿತ್ತು ಅಕ್ಕಾವ್ರೇ ಅವರಿಗೆ."

ನೆನಪಿರದೆ ಏನು? ತಮಗೆ ಹೇಳಿದ್ದನ್ನು ಎದ್ದವರು ಮರೆಯುವುದಿಲ್ಲವೆಂದು ನಮ್ಮೂರಿನ ಎಳೆಯ ಮಕ್ಕಳಿಗೂ ಗೊತ್ತು. ಕೊಟ್ಟದ್ದನ್ನು ನೆನಪಿಸಬಾರದೆಂಬುದೂ ಗೊತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

"ನನಗೆ ಯಾಕಪ್ಪ ಹೇಳಲಿಲ್ಲ?"

"ಊರೋರು ಏನಂತಾರೆ ಅಂತ ಹೆದರಿಕೆ. ಮರ್ಯಾದೆಗೆಟ್ಟವನು ಅಂತಿದ್ರು. ನೀವೇ ಅಂತಿದ್ರಿ ಅಕ್ಕಾವ್ರೇ, ಎಲ್ಲರಿಗಿಂತ ಮುಂಚೆ."

ಅವನ ಮಾತು ಸರಿಯಾಗಿತ್ತು. ನಾನೇ ಎಲ್ಲರಿಗಿಂತ ಮುಂಚೆ ಅನ್ನುತ್ತಿದ್ದೆ.

ಯಾವುದಾದರೂ ಒಂದು ಸಂಜೆ ಅವರು "ಇದು ಮೊದಲನೇದು" ಎಂದಾಗ, "ಅಲ್ಲ, ಇದು ಎರಡನೆಯದು, ಮೊದಲನೆಯದನ್ನು ನಿನ್ನೆಯೇ ತಂದಿರಿ, ಬನ್ನಿ ಕೂರೋಣ" ಎಂದು ಹೇಳಿದ್ದರೆ ಸಾಕಾಗಿತ್ತು. ಅವರು ನಗುತ್ತಿದ್ದರು. ಹೌದಾ, ಎನ್ನುತ್ತಿದ್ದರು. ಕೂರುವುದು ಹೇಗೆಂದು ಕೇಳುತ್ತಿದ್ದರು, ನಾನು ತೋರಿಸುತ್ತಿದ್ದೆ. ಇಷ್ಟು ವರ್ಷಗಳಲ್ಲಿ ಈ ದೃಶ್ಯವನ್ನು ಎಷ್ಟು ಸಲ ಕಟ್ಟಿದ್ದೇನೆಂದರೆ, ಅದು ನಡೆದದ್ದೇ ಇರಬೇಕೆಂದು ಕೆಲವು ಬೆಳಿಗ್ಗೆ ಅನ್ನಿಸುತ್ತದೆ.

ಮಣೆಗಳನ್ನು ಕೊಟ್ಟುಬಿಟ್ಟೆ. ಈಗ ನಮ್ಮ ಊರಿನ ಯಾವ ಮದುವೆಗೆ ಹೋದರೂ ವಧೂವರರು ಕೊತ್ತಂಬರಿ ಸೊಪ್ಪಿನ ಅಂಚಿನ ಮಣೆಗಳ ಮೇಲೆ ಕೂತಿರುತ್ತಾರೆ. ಎರಡನ್ನು ಮಾತ್ರ ಇಟ್ಟುಕೊಂಡೆ. ಪುಡಿಯಂತ್ರ ಅಂಗಡಿಯಲ್ಲಿ ಸೌಗಂಧಿಯ ಪಾಲಿಗೆ ಗಿರ್ರೆನ್ನುತ್ತಿರುತ್ತದೆ. ಮನೆಗೆ ಬೇಕಾದ ಧನಿಯಾವನ್ನು ನಾನು ದಿನವೂ ಒರಳಿನಲ್ಲಿಯೇ ಕುಟ್ಟುತ್ತೇನೆ. ಒನಕೆಯನ್ನು ಸಡಿಲವಾಗಿಯೇ ಹಿಡಿಯುತ್ತೇನೆ. ಮುಗಿದ ಮೇಲೆ ಎರಡು ಮಣೆಗಳನ್ನು ಹಾಕಿ, ಒಂದರ ಮೇಲೆ ಒನಕೆಯನ್ನು ಮಲಗಿಸಿ, ಪಕ್ಕದ್ದರ ಮೇಲೆ ನಾನು ಸ್ವಲ್ಪ ಹೊತ್ತು ಕೂರುತ್ತೇನೆ.

"ಅಕ್ಕಾ, ಕೈ ಬಿಟ್ಟರೆ ತಾನೇ ಅವರು ಏಳೋದು?" ಎಂದು ಸೌಗಂಧಿ ಒಮ್ಮೆ ಮೆಲ್ಲಗೆ ಕೇಳಿದಳು. ಅದು ನನಗೆ ತಿಳಿಯದ ಸಂಗತಿಯಲ್ಲ. ಬಿಟ್ಟರೂ ಏಳಲು ವರ್ಷಗಳು ಬೇಕು. ಅಷ್ಟು ವರ್ಷಗಳು ನನ್ನಲ್ಲಿಲ್ಲ. ಹಿಡಿದುಕೊಂಡಿದ್ದರೆ ನನ್ನ ಕೈಯಾದರೂ ಅವರ ನೆನಪಿನಲ್ಲಿ ಉಳಿಯುತ್ತದೆ. ನಾನು ಹೋದ ಮೇಲೆ ಈ ಕೈ ತಾನಾಗಿಯೇ ಬಿಡುತ್ತದೆ. ಆಮೇಲೆ ಒಂದು ದಿನ ಅವರು ಎದ್ದು, ಆ ಕೈಯೆಲ್ಲಿ ಎಂದು ಕೇಳುತ್ತಾರೆ. ಅವರು ಯಾರಿಗಾದರೂ ಏನನ್ನಾದರೂ ಎರಡನೆಯ ಸಲ ತಂದುಕೊಟ್ಟರೆ, ಮುಖವನ್ನು ಅರಳಿಸದೆ, ಬಾಯಿ ಬಿಟ್ಟು ಹೇಳಬೇಕೆಂದು ಸೌಗಂಧಿಯಿಂದ ಮಾತು ತೆಗೆದುಕೊಂಡಿದ್ದೇನೆ.

ಇದನ್ನೆಲ್ಲ ನಾನು ಅಂಗಡಿಗೆ ಬಂದವರಿಗೆ ಹೇಳುತ್ತಿರುತ್ತೇನೆ. ಎಲ್ಲರೂ ಕಣ್ಣರಳಿಸಿ, ಉಸಿರು ಹಿಡಿದು ಕೇಳುತ್ತಾರೆ. ಮಣೆ ಮೂಲೆಯಲ್ಲಿತ್ತು ಎಂದಾಗ ಅಯ್ಯೋ ಎನ್ನುತ್ತಾರೆ. ಮೊನ್ನೆ ದಸ್ತಗೀರ್ ಕೂಡ ಹಾಗೆಯೇ ಕಣ್ಣರಳಿಸಿ ಕೇಳಿದ. ಟೋಪಿ ಹಿಂಡಿದ ಭಾಗಕ್ಕೆ ಬಂದಾಗಲೂ ಅವನ ಮುಖದಲ್ಲಿ ಒಂದು ಗೆರೆ ತಪ್ಪಲಿಲ್ಲ. ಆ ಮುಖವನ್ನು ಅವನಿಗೆ ಕಲಿಸಿದವಳು ನಾನು. ನನಗೆ ಗುರುತು ಸಿಗದೆ ಇರುತ್ತದೆಯೇ? ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಈ ಕಥೆಯನ್ನು ನಾನು ನಿಮಗೆ ಮೊದಲೇ ಹೇಳಿದ್ದರೆ, ಹೇಳಿಬಿಡಿ. ನಾನು ಮುರಿಯುವುದಿಲ್ಲ.